ಇತಿಹಾಸ ನೆನೆದ ವರ್ಷ

ಹೋದ ವಾರ ಧಾರವಾಡದಲ್ಲಿ ನಾನು ಕೆಲಸ ಮಾಡುವ ಗ್ರಂಥಾಲಯದ ಮಾಳಿಗೆ ಸೋರಿ ಮೂರು ಕಟ್ಟು ಹಳೆಯ ಪತ್ರಿಕೆಗಳು ತೊಯ್ದವು. ಅಟೆಂಡರ್ ಅವನ್ನು ಹೊರಗೆ ಬಿಸಿಲಿಗೆ ಹರವಿದ. ಮಧ್ಯಾಹ್ನದ ಹೊತ್ತಿಗೆ ಕಾಗದ ಒಣಗಲು ಶುರುವಾಗಿ, ಹಳೆಯ ಅಂಟು, ತೇವ, ಒಂದಿಷ್ಟು ಬೂಷ್ಟು ಎಲ್ಲ ಕಲೆತ ವಾಸನೆ ಕಿಟಕಿಯಿಂದ ಒಳಗೆ ಬಂತು. ಉಳಿದವರು ಮೂಗಿಗೆ ಸೆರಗು, ಕರವಸ್ತ್ರ ಹಿಡಿದರು. ನಾನು ಎದ್ದು ಹೋಗಿ ಆ ಕಾಗದಗಳ ಮಧ್ಯೆ ಸುಮ್ಮನೆ ನಿಂತೆ. ನನ್ನ ಮಟ್ಟಿಗೆ ಅದು ಸಾಂಗಲಿಯ ವಾಸನೆ. ನನ್ನ ಜೀವನದಲ್ಲಿ ನಾನು ಅತಿ ಹೆಚ್ಚು ಹೆದರಿದ, ಅತಿ ಹೆಚ್ಚು ನಕ್ಕ ವರ್ಷದ ವಾಸನೆ.

ಆಗ ನನಗೆ ಇಪ್ಪತ್ತಾರು. ಗ್ರಂಥಾಲಯ ವಿಜ್ಞಾನ ಓದಿಕೊಂಡು ರಾಯಬಾಗದ ಮನೆಯಲ್ಲಿ ಕೂತಿದ್ದಾಗ ಸಾಂಗಲಿಯ ಒಂದು ಸಣ್ಣ ಕ್ರೈಸ್ತ ವಿದ್ಯಾಪೀಠದಲ್ಲಿ ಹನ್ನೊಂದು ತಿಂಗಳ ತಾತ್ಕಾಲಿಕ ಕೆಲಸ ಸಿಕ್ಕಿತು. ವಿದ್ಯಾಪೀಠ ಎಂದರೆ ಏನೇನೋ ಕಲ್ಪಿಸಿಕೊಂಡು ಹೋದವಳಿಗೆ ಕಂಡದ್ದು ನದಿಯ ಬದಿಗೆ ಮೂರು ಕಟ್ಟಡ, ಒಂದು ಪ್ರಾರ್ಥನಾಲಯ, ಒಂದು ಹುಡುಗಿಯರ ವಸತಿಗೃಹ ಮತ್ತು ಎಲ್ಲರಿಗೂ ಎಲ್ಲರ ಹೆಸರು ಗೊತ್ತಿರುವಷ್ಟು ವಿದ್ಯಾರ್ಥಿಗಳು. ಹಳ್ಳಿ ಶಾಲೆಗಳಿಗೆ ಶಿಕ್ಷಕಿಯರನ್ನು ತಯಾರು ಮಾಡಬೇಕೆಂದು ಹೊರದೇಶದ ಇಬ್ಬರು ಮಿಶನರಿ ಮೇಡಮ್‌ಗಳು ಬಹಳ ಹಿಂದೆ ಒಂದು ತರಗತಿ ಶುರುಮಾಡಿದ್ದರು. ಅದು ಬೆಳೆದು ಕಾಲೇಜಾಗಿ, ತೀರ ಈಚೆಗೆ ವಿದ್ಯಾಪೀಠವಾಗಿತ್ತು. ಆ ಮಾನ್ಯತೆಯೂ ನನ್ನ ಕೆಲಸದ ಹಾಗೆ ತಾತ್ಕಾಲಿಕ.

ನನ್ನ ಮರಾಠಿ ಆಗ ಮಹಾ ಕೆಟ್ಟದಾಗಿತ್ತು. ಮೊದಲ ದಿನವೇ ಕುಲಸಚಿವ ಸಾಳ್ವೆ ಸರ್ ಎದುರು ನಿಂತು ‘ಮೀ ಆಲೋ’ ಎಂದೆ. ಅದು ಗಂಡಸು ‘ನಾನು ಬಂದೆ’ ಎನ್ನುವ ರೀತಿ. ಸಾಳ್ವೆ ಸರ್ ಕನ್ನಡಕದ ಮೇಲಿಂದ ನನ್ನನ್ನು ನೋಡಿ, “ಬಂದಿರಿ, ಒಳ್ಳೆಯದಾಯಿತು. ಅರ್ಜಿಯಲ್ಲಿ ವಿದ್ಯಾ ಅಂತ ಹೆಂಗಸಿನ ಹೆಸರಿತ್ತಲ್ಲ?” ಎಂದು ಕೇಳಿದರು. ನಕ್ಕರೋ ಇಲ್ಲವೋ ತಿಳಿಯಲಿಲ್ಲ. ಐವತ್ತೈದರ ಆಸುಪಾಸಿನ ತೆಳ್ಳನೆಯ ಮನುಷ್ಯ. ಯಾವ ಕಾಗದವನ್ನೂ ಎರಡು ಸಲ ಓದದೆ ಸಹಿ ಮಾಡುತ್ತಿರಲಿಲ್ಲ. ಅವರು ಮಾತಾಡುತ್ತಿದ್ದುದು ಮರಾಠಿಯಲ್ಲಿ, ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಜುಲೈಯಲ್ಲಿ ಒಂದು ಪತ್ರ ಬಂತು. ಡಿಸೆಂಬರಿನಲ್ಲಿ ತಪಾಸಣೆಯ ಸಮಿತಿ ಬರುತ್ತದೆ, ಅವರು ಒಪ್ಪಿದರೆ ಮಾನ್ಯತೆ ಕಾಯಂ, ಇಲ್ಲದಿದ್ದರೆ ಮತ್ತೆ ಕಾಲೇಜಾಗಿ ಕೆಳಗಿಳಿಯಬೇಕು. ಕೊಡಬೇಕಾದ ಕಾಗದಗಳ ಪಟ್ಟಿಯಲ್ಲಿ ಒಂದು ಸಾಲು ಹೀಗಿತ್ತು: ಸಂಸ್ಥೆಯ ಇತಿಹಾಸ, ಆರಂಭದಿಂದ ಎಡೆಬಿಡದೆ ನಡೆದು ಬಂದಿರುವುದಕ್ಕೆ ಆಧಾರಗಳೊಡನೆ.

“ಅದೇನು ಕಷ್ಟವಲ್ಲ,” ಎಂದರು ಸಾಳ್ವೆ ಸರ್. “ಎಲ್ಲ ದಾಖಲೆ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಆರು ಟ್ರಂಕಿನಲ್ಲಿ ಇದೆ. ನೀವೇ ತೆಗೆದು ಬರೆಯಿರಿ.”

ನಾನು ಎರಡು ವಾರ ಆ ಟ್ರಂಕುಗಳ ಧೂಳು ಒರೆಸಿದೆ, ಬೀಗಕ್ಕೆ ಎಣ್ಣೆ ಹಾಕಿದೆ. ತೆರೆಯುವ ಮುಂಚೆ ಕೃಷ್ಣೆ ಬಂದಳು.

ಸಾಂಗಲಿಯವರಿಗೆ ನದಿ ಏರುವುದು ಹೊಸದಲ್ಲ. ಘಾಟಿನ ಹತ್ತಿರ ಹೋಗಿ ನೀರು ಎಷ್ಟು ಮೆಟ್ಟಿಲು ಏರಿದೆ ಎಂದು ನೋಡಿ ಬಂದು ಚಹಾ ಕುಡಿಯುತ್ತಾ ಹೇಳುವುದು ಅವರ ಮಳೆಗಾಲದ ಮಾತು. ಆ ಆಗಸ್ಟಿನಲ್ಲಿ ಮೆಟ್ಟಿಲು ಎಣಿಸುವ ಪ್ರಶ್ನೆ ಉಳಿಯಲಿಲ್ಲ. ನಾವು ವಸತಿಗೃಹದ ಎರಡನೆಯ ಅಂತಸ್ತಿನಲ್ಲಿ ಎಂಟು ದಿನ ಕಳೆದೆವು. ಮೊದಲ ದಿನ ಹೆದರಿದೆವು. ಮೂರನೆಯ ದಿನದಿಂದ ಹುಡುಗಿಯರು ಅಂತ್ಯಾಕ್ಷರಿ ಆಡಿದರು, ದೋಣಿಯಲ್ಲಿ ಬಂದ ಚುರುಮುರಿಗೆ ಉಳ್ಳಾಗಡ್ಡಿ ಇಲ್ಲವೆಂದು ತಕರಾರು ತೆಗೆದರು. ಯಾರಿಗೂ ಏನೂ ಆಗಲಿಲ್ಲ. ನೆಲಮಾಳಿಗೆ ಮಾತ್ರ ಪೂರ್ತಿ ಮುಳುಗಿತ್ತು.

ನೀರು ಇಳಿದ ಮೇಲೆ ಟ್ರಂಕು ತೆರೆದರೆ ಒಳಗಿದ್ದದ್ದು ಇತಿಹಾಸವಲ್ಲ, ಅಂಬಲಿ. ಮೇಲಿನ ಎರಡು ಟ್ರಂಕುಗಳಲ್ಲಿ ಮಾತ್ರ ಕೆಲವು ಹಾಳೆಗಳು ಬಿಡಿಸಲು ಬಂದವು. ಪ್ರಾರ್ಥನಾಲಯದ ಅಂಗಳದಲ್ಲಿ ಹಗ್ಗ ಕಟ್ಟಿ, ಹುಡುಗಿಯರ ಬಟ್ಟೆಯ ಕ್ಲಿಪ್ಪುಗಳನ್ನೆಲ್ಲ ತಂದು, ಒಂದೊಂದೇ ಹಾಳೆ ನೇತುಹಾಕಿದೆವು. ಮೂರು ವಾರ ಆ ಅಂಗಳದಲ್ಲಿ ಸಭೆಯ ನಡಾವಳಿಗಳು ಲಂಗದಾವಣಿಯ ಹಾಗೆ ಗಾಳಿಗೆ ಹಾರಾಡಿದವು. ಮಸಿ ಬಹುತೇಕ ತೊಳೆದುಹೋಗಿತ್ತು. ಒಂದು ಹಾಳೆಯಲ್ಲಿ ‘ರಿಸಾಲ್ವ್ಡ್’, ಅಂದರೆ ತೀರ್ಮಾನಿಸಲಾಯಿತು, ಎಂಬ ಇಂಗ್ಲಿಷ್ ಶಬ್ದವೊಂದೇ ಉಳಿದಿತ್ತು, ಏನನ್ನು ಎಂಬುದಿಲ್ಲ.

ಸಾಳ್ವೆ ಸರ್ ತಾವೇ ನೆನಪಿನಿಂದ ಒಂದು ಪುಟದ ಇತಿಹಾಸ ಬರೆದು ತಂದರು. ಮೇಡಮ್‌ಗಳು ಬಂದರು, ಕಟ್ಟಿದರು, ಹೋದರು, ನಾವು ಮುಂದುವರಿಸಿದೆವು. ಅಷ್ಟೇ. “ಆಧಾರ?” ಎಂದು ಕೇಳಿದೆ. ಅವರು ಹಗ್ಗದ ಕಡೆ ಕೈ ತೋರಿಸಿ ಹೊರಟುಹೋದರು.

ಸೆಪ್ಟೆಂಬರಿನ ಒಂದು ಮುಂಜಾನೆ ಅಂಗಳಕ್ಕೆ ಬಂದರೆ ಒಂದು ಕುರಿ ನಮ್ಮ ನಡಾವಳಿ ತಿನ್ನುತ್ತಿತ್ತು. ಕಾಂಪೌಂಡ್ ಗೋಡೆ ನೆರೆಯಲ್ಲಿ ಕುಸಿದಿದ್ದರಿಂದ ನದಿ ಬದಿಗೆ ಮೇಯುತ್ತಿದ್ದ ಹಿಂಡಿನಿಂದ ಒಳಗೆ ನುಗ್ಗಿತ್ತು. ನಾಲ್ಕು ಹಾಳೆ ಹೋಗಿದ್ದವು, ಐದನೆಯದು ಅರ್ಧ ಬಾಯಲ್ಲಿತ್ತು. ನಾನು ಒಂದು ಕಡೆ ಎಳೆದರೆ ಅದು ಇನ್ನೊಂದು ಕಡೆ. ಅಷ್ಟರಲ್ಲಿ ಕಂಬಳಿ ಹೊದ್ದ ಐವತ್ತರ ಮೇಲಿನ ಕುರುಬನೊಬ್ಬ ಓಡಿಬಂದು ಕುರಿಯ ಕಿವಿ ಹಿಡಿದ. ಮರಾಠಿಯಲ್ಲಿ ಏನೋ ಹೇಳಲು ತಡವರಿಸಿದ. ನಾನೂ ತಡವರಿಸಿ, ಸಿಟ್ಟಿನಲ್ಲಿ ಕನ್ನಡಕ್ಕೆ ಬಿದ್ದೆ.

“ಏನ್ರಿ ಕಾಕಾ ಇದು, ಎಂಥಾ ಕಾಗದಾ ತಿಂದದ ನೋಡ್ರಿ.”

ಅವನ ಮುಖ ಅರಳಿತು. “ಕನ್ನಡ ಮಂದಿನರಿ ನೀವು? ಚೊಲೋ ಆತು ಬಿಡ್ರಿ. ಮರಾಠ್ಯಾಗ ತಪ್ಪ ಒಪ್ಪಗೊಳ್ಳೂದು ಭಾಳ ತ್ರಾಸ. ತಪ್ಪಾತ್ರಿ ಬಾಯಾರ. ಈ ಕುರಿಗೆ ಕಾಗದಾ ಅಂದ್ರ ಜೀವ. ಮನ್ಯಾಗ ಕ್ಯಾಲೆಂಡರೂ ಬಿಟ್ಟಿಲ್ಲ.”

ಅವನ ಹೆಸರು ಬೀರಪ್ಪ, ಮಿರಜ ತಾಲೂಕಿನ ಲಿಂಗನೂರಿನವನು. ಹಗ್ಗದ ಮೇಲಿನ ಹಾಳೆಗಳನ್ನು ನೋಡುತ್ತಾ, “ಇದು ಬಾಯಾರ ಸಾಲಿ ಅಲ್ಲೇನ್ರಿ? ನಮ್ಮವ್ವ ಇದ ಸಾಲ್ಯಾಗ ಕಲತಾಳ,” ಎಂದ.

ಇಲ್ಲಿ ಕಲಿತವರೆಲ್ಲ ಶಿಕ್ಷಕಿಯರಾಗಲು ಬಂದವರು ಎಂದು ನನಗೆ ಗೊತ್ತಿತ್ತು. “ನಿಮ್ಮವ್ವ ಶಿಕ್ಷಕಿ ಇದ್ರೇನ್ರಿ?” ಎಂದು ಕೇಳಿದೆ.

“ಎಲ್ಲಿ ಶಿಕ್ಷಕಿರಿ, ಕುರಿ ಕಾಯತಿದ್ಲು. ಆಕಿ ಸಾಲಿಗೆ ಬರಲಿಲ್ಲ. ಸಾಲಿನೇ ನಮ್ಮೂರಿಗೆ ಬಂದಿತ್ತಂತ. ಎರಡ ವರ್ಷ ಇತ್ತು, ಆಮ್ಯಾಲ ಹೋತು.”

ಈ ಮಾತನ್ನು ನಾನು ಸಾಳ್ವೆ ಸರ್‌ಗೆ ಹೇಳಿದಾಗ ಅವರು ಬಾಗಿಲು ಮುಚ್ಚಿ ಬಂದು ಕೂತರು. ಮೇಡಮ್‌ಗಳು ತಮ್ಮ ದೇಶಕ್ಕೆ ಮರಳಿದಾಗ, ಸಂಸ್ಥೆ ನಡೆಸುವ ಮಂಡಳಿ ತರಗತಿಯನ್ನು ಮುಚ್ಚಲು ಆಜ್ಞೆ ಮಾಡಿತ್ತಂತೆ. ಎರಡು ವರ್ಷದ ಮೇಲೆ ಮನಸ್ಸು ಬದಲಿಸಿ ಮತ್ತೆ ತೆರೆಯಿತು. ಈ ಸಂಗತಿ ಹಳಬರಿಗೆಲ್ಲ ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ. ಅವರ ಒಂದು ಪುಟದಲ್ಲಿ ಆ ಎರಡು ವರ್ಷ ಎರಡು ವಾಕ್ಯಗಳ ನಡುವಿನ ಖಾಲಿ ಜಾಗದಲ್ಲಿ ಅಡಗಿತ್ತು. “ಎಡೆಬಿಡದೆ ಅಂತ ಕೇಳಿದ್ದಾರೆ, ವಿದ್ಯಾ. ಆ ಪುಟ ಹಾಗೇ ಇರಲಿ,” ಎಂದರು.

ಮುಂದಿನ ಭಾನುವಾರ ನಾನು ಮಿರಜಿಗೆ ಹೋಗಿ ಅಲ್ಲಿಂದ ಲಿಂಗನೂರಿನ ಬಸ್ ಹಿಡಿದೆ. ಬೀರಪ್ಪನ ತಾಯಿ ಕಲ್ಲವ್ವ ಕಟ್ಟೆಯ ಮೇಲೆ ಉಣ್ಣೆ ನೂಲುತ್ತಾ ಕೂತಿದ್ದಳು. ಎಪ್ಪತ್ತು ದಾಟಿದ ಗಟ್ಟಿ ಮುದುಕಿ, ಮಾತಿನಲ್ಲಿ ಯಾರಿಗೂ ಸರದಿ ಬಿಡುವವಳಲ್ಲ.

“ಅಲ್ಲೆ ಇತ್ತ ನೋಡವಾ ಸಾಲಿ,” ಎಂದು ಎದುರಿನ ಜೈನರ ತೋಟದ ಹಂಚಿನ ಕೋಠಿಯನ್ನು, ಫಸಲು ತುಂಬುವ ಉಗ್ರಾಣವನ್ನು, ತೋರಿಸಿದಳು. “ಅರಿಶಿನದ ಕೋಠಿ. ಪಾಟೀಲರು ಬಿಟ್ಟಕೊಟ್ಟಿದ್ರು. ಏಳ ಮಂದಿ ದೊಡ್ಡ ಹುಡುಗ್ಯಾರು ಮಾಸ್ತರಿಕಿ ಕಲೀಲಿಕ್ಕೆ ಬಂದಿದ್ರು. ಅವರ ಕಲೀಲಿಕ್ಕೆ ಸಣ್ಣ ಹುಡುಗ್ರು ಬೇಕಲ್ಲ? ನಾವಿದ್ವಿ. ಒಬ್ಬಾಕಿ ಪಾಠಾ ಹೇಳಾಕಿ, ಆರ ಮಂದಿ ಹಿಂದ ನಿಂತು ತಪ್ಪ ಹುಡಕಾವರು. ನಮ್ಮ ಪಾಟಿ, ಕೈ, ಮೂಗ ಎಲ್ಲಾ ಹಳದಿ. ಮನಿಗೆ ಹೋದ್ರ ನಮ್ಮವ್ವ ‘ಯಾರ ಮದವ್ಯಾಗಿಂದ ಬಂದ್ರೆ’ ಅಂತಿದ್ಲು.”

“ಹೇಳಿಕೊಡಾವರ ಮುಖ್ಯಸ್ಥರು ಯಾರಿದ್ರು ಆಯಿ?”

“ಸುಶೀಲಾಬಾಯಿ. ಅವರಿಗೂ ಇಪ್ಪತ್ತೆರಡರ ಮ್ಯಾಲ ವಯಸ್ಸಿದ್ದಿಲ್ಲ. ಅದಾರೇನು ಇನ್ನಾ? ಇದ್ರ ಹೇಳು, ನನ್ನ ಪಾಟಿ ಅವರ ಹತ್ರ ಉಳದದ.”

ನಾನು ಇದನ್ನೆಲ್ಲ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡೆ. ಹಿಂದಿರುಗಿ ವಿಚಾರಿಸಿದರೆ ಸುಶೀಲಾಬಾಯಿ ಮಾಧವನಗರದಲ್ಲಿ, ಹಳೆಯ ಗಿರಣಿಯ ಚಾಳಿನಲ್ಲಿ ತಮ್ಮ ತಂಗಿಯ ಮಗಳ ಮನೆಯಲ್ಲಿದ್ದರು. ನಿವೃತ್ತಿಯವರೆಗೆ ನಮ್ಮ ವಸತಿಗೃಹದ ಮೇಟ್ರನ್ ಆಗಿದ್ದವರು. ಶಿಕ್ಷಕಿಯಾಗಿದ್ದವರು ಮೇಟ್ರನ್ ಏಕಾದರು ಎಂದು ನಾನು ಆಗ ಯೋಚಿಸಿರಲಿಲ್ಲ.

ಶೇರ್ ಆಟೋದಲ್ಲಿ ಆರು ಜನರ ನಡುವೆ ಒತ್ತಿಕೊಂಡು ಮಾಧವನಗರಕ್ಕೆ ಹೋದೆ. ಸುಶೀಲಾಬಾಯಿಗೆ ಎಂಬತ್ತೈದು. ಬಿಳಿ ಸೀರೆ, ನೆಟ್ಟಗೆ ಕೂಡುವ ಬೆನ್ನು. ಗಡಿ ಹಳ್ಳಿಯ ಕನ್ನಡ ಮನೆತನದ ಕ್ರೈಸ್ತರು ಅವರು. ಬಂದ ಕಾರಣ ಹೇಳುತ್ತಲೇ ಮುಖ ಬಿಗಿದರು.

“ನಾ ಮಾಡಿದ್ದು ಆಜ್ಞಾಭಂಗ,” ಎಂದರು. “ಮುಚ್ಚರಿ ಅಂದ್ರು, ನಾ ಮುಚ್ಚಲಿಲ್ಲ. ಹುಡುಗ್ಯಾರನ್ನ ಕರಕೊಂಡು ಹೊಂಟೆ. ತಿರುಗಿ ಬಂದ ಮ್ಯಾಲ ನನಗ ಪಾಠಾ ಹೇಳೂದು ಬ್ಯಾಡ ಅಂದ್ರು, ವಸತಿಗೃಹ ನೋಡಕೊ ಅಂದ್ರು. ನೋಡಕೊಂಡೆ. ದೇವರ ಮುಂದ ಹೇಳಿ ಮುಗಿಸೇನಿ. ಮಂದಿ ಮುಂದ ಯಾಕ ಹೇಳಲಿ?”

ನಾನು ಮೊಬೈಲ್ ತೆಗೆದು ಕಲ್ಲವ್ವನ ಧ್ವನಿ ಹಚ್ಚಿದೆ. ಸುಶೀಲಾಬಾಯಿ ಕಣ್ಣು ಮುಚ್ಚಿ ಕೇಳಿದರು. ಅರಿಶಿನ, ಮೂಗು, ಮದುವೆ ಎಲ್ಲ ಮುಗಿದು ಪಾಟಿಯ ಮಾತು ಬಂದಾಗ ಕಣ್ಣು ತೆರೆದರು.

“ಸುಳ್ಳ ಹೇಳತಾಳ,” ಎಂದರು. “ಆಕಿ ಪಾಟಿ ಆಕಿ ತಮ್ಮ ಒಡದಾನ. ಯಲ್ಲಪ್ಪ. ಮೂರನೇ ಸಾಲಿನ್ಯಾಗ ಕುಂದರತಿದ್ದ. ನಾ ಕಣ್ಣಾರೆ ನೋಡೇನಿ.” ಆಮೇಲೆ ತಂಗಿಯ ಮಗಳ ಕಡೆ ತಿರುಗಿ, “ಈ ಹುಡುಗಿಗೆ ಚಹಾ ಮಾಡ. ಹೊತ್ತಾಗತದ,” ಎಂದರು.

ಅವರು ಹೇಳಿದ್ದನ್ನು ಕೇಳುತ್ತಾ ಕೇಳುತ್ತಾ ನಾಲ್ಕು ಸಲ ಚಹಾ ಆಯಿತು. ಮುಚ್ಚುವ ಆಜ್ಞೆ ಬಂದಾಗ ಏಳು ಹುಡುಗಿಯರ ಪರೀಕ್ಷೆಗೆ ಇನ್ನೂ ಎರಡು ವರ್ಷವಿತ್ತು. ಮನೆಗೆ ಮರಳಿದರೆ ಮದುವೆ ಮಾಡಿಬಿಡುತ್ತಾರೆ ಎಂದು ಹುಡುಗಿಯರು ಅತ್ತರು. ಅವರಲ್ಲಿ ಒಬ್ಬಳು ಲಿಂಗನೂರಿನ ಜೈನ ಪಾಟೀಲರ ಮಗಳು. ಅವಳ ಅಪ್ಪ, “ಅರಿಶಿನ ಬಂದಾಗ ಅಂಗಳದಾಗ ಕುಂದರ್ರಿ, ಅರಿಶಿನ ಮಾರಿದಾಗ ಒಳಗ ಕುಂದರ್ರಿ,” ಎಂದರಂತೆ. ಜೋಳ ಪಾಟೀಲರದು, ಹಾಲು, ಕಂಬಳಿ ಕುರುಬರದು. ಮಕ್ಕಳಿಗೆ ಮರಾಠಿ ಬಾರದ್ದರಿಂದ ಕನ್ನಡ ಅಕ್ಷರ ಕಲಿಸಿದರು. ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ಊರ ಹೆಂಗಸರೂ ಬಂದು ಕೋಠಿಯ ಹೊರಗೆ ಕೂರುತ್ತಿದ್ದರು, ಹಾಡು ಚೆನ್ನಾಗಿರುತ್ತದೆ ಎಂದು. ಎರಡು ವರ್ಷದ ಮೇಲೆ ಏಳೂ ಜನ ಸರಕಾರಿ ಪರೀಕ್ಷೆ ಕಟ್ಟಿ ಪಾಸಾದರು. ಆ ಫಲಿತಾಂಶ ನೋಡಿಯೇ ಮಂಡಳಿ ಮನಸ್ಸು ಬದಲಿಸಿದ್ದು.

ನಾನು ಇದನ್ನು ಹನ್ನೆರಡು ಪುಟ ಬರೆದು ಸಾಳ್ವೆ ಸರ್ ಮೇಜಿನ ಮೇಲೆ ಇಟ್ಟೆ. ಅವರು ಅಲ್ಲೇ ಎರಡು ಸಲ ಓದಿದರು.

“ನಮ್ಮ ಮಂಡಳಿಯೇ ಬಾಗಿಲು ಹಾಕಿತ್ತು ಅಂತ ನಾವೇ ಬರೆದುಕೊಡುವುದೇ?”

“ಬಾಗಿಲು ಹಾಕಿದರೂ ತರಗತಿ ನಿಲ್ಲಲಿಲ್ಲ ಅಂತ ಬರೆದಿದ್ದೇನೆ, ಸರ್.”

“ಇದಕ್ಕೆ ಕಾಗದ ಎಲ್ಲಿದೆ? ಒಂದು ಹಾಜರಿ ಪುಸ್ತಕ? ನಾಳೆ ಅವರು ಕೇಳಿದರೆ ಕುರಿ ತಿಂದಿತು ಅನ್ನಲೇ?”

ಕೆಲಸ ಹೋಯಿತೆಂದೇ ಎಣಿಸಿ ಮುಂದಿನ ಎರಡು ದಿನ ನಾನು ರಾಯಬಾಗಕ್ಕೆ ಮರಳುವ ರೈಲಿನ ಸಮಯ ನೋಡಿಟ್ಟುಕೊಂಡಿದ್ದೆ. ಮೂರನೆಯ ದಿನ ಸಾಳ್ವೆ ಸರ್ ತಾವೇ ಗ್ರಂಥಾಲಯಕ್ಕೆ ಬಂದರು. ಅವರ ಕೈಯಲ್ಲಿ ತಾವು ಬರೆದ ಆ ಒಂದು ಪುಟ ಇತ್ತು.

“ಮಾಧವನಗರಕ್ಕೆ ಹೋಗಿದ್ದೆ,” ಎಂದರು. “ಸುಶೀಲಾಬಾಯಿಯ ಕಾಲಿಗೆ ಬಿದ್ದೆ, ಅವರು ಆಶೀರ್ವಾದ ಮಾಡಲಿಲ್ಲ. ಒಂದು ಪ್ರಶ್ನೆ ಕೇಳಿದರು. ಆ ಎರಡು ವರ್ಷ ಮುಚ್ಚಿಟ್ಟರೆ, ಆ ಏಳು ಹುಡುಗಿಯರು ಎಲ್ಲಿ ಕಲಿತರು ಅಂತ ಬರೆಯುತ್ತೀ? ಅಂತ.” ಆ ಪುಟವನ್ನು ಹರಿದು ನನ್ನ ಕಸದ ಬುಟ್ಟಿಗೆ ಹಾಕಿದರು. “ನಿಮ್ಮ ಹನ್ನೆರಡು ಪುಟವನ್ನೇ ಸಮಿತಿಗೆ ಕೊಡೋಣ. ಹೋದರೆ ವಿದ್ಯಾಪೀಠದ ಮಾನ್ಯತೆ ಹೋಗುತ್ತದೆ. ಆ ಕೋಠಿಯಲ್ಲಿ ಅದೂ ಇರಲಿಲ್ಲವಲ್ಲ.”

ಡಿಸೆಂಬರಿನಲ್ಲಿ ಸಮಿತಿ ಬಂತು. ನಾಲ್ಕು ಜನ. ಅಧ್ಯಕ್ಷರು ನಾಗಪುರದ ಕಡೆಯ ನಿವೃತ್ತ ರಸಾಯನಶಾಸ್ತ್ರದ ಪ್ರಾಧ್ಯಾಪಕರು, ಮಾತು ಕಡಿಮೆ. ಪ್ರಯೋಗಾಲಯ, ಶೌಚಾಲಯ, ಬೆಂಕಿ ಆರಿಸುವ ಸಿಲಿಂಡರಿನ ಅವಧಿ ಎಲ್ಲ ನೋಡಿ ಸಭಾಗೃಹಕ್ಕೆ ಬಂದು ನನ್ನ ಹನ್ನೆರಡು ಪುಟ ತೆಗೆದರು.

“ಕಥೆ ಚೆನ್ನಾಗಿದೆ,” ಎಂದರು. “ದಾಖಲೆ?”

“ಹೊರಗೆ ಕೂತಿದೆ, ಸರ್,” ಎಂದೆ. ಎದ್ದು ಬಾಗಿಲು ತೆರೆದೆ.

ಬೀರಪ್ಪ ಒಂದು ಟೆಂಪೋದಲ್ಲಿ ಒಂಬತ್ತು ಜನರನ್ನು ಕರೆತಂದಿದ್ದ. ಆರು ಹೆಂಗಸರು, ಮೂರು ಗಂಡಸರು, ಎಲ್ಲರೂ ಎಪ್ಪತ್ತರ ಆಚೀಚೆ. ಮುಂಚೂಣಿಯಲ್ಲಿ ಕಲ್ಲವ್ವ. ಅವರು ಒಳಗೆ ಬಂದು ಸಾಲಾಗಿ ಕೂತರು. ಸುಶೀಲಾಬಾಯಿಯನ್ನು ಸಾಳ್ವೆ ಸರ್ ಕೈ ಹಿಡಿದು ಕರೆತಂದರು. ಅವರು ತಮಗೆ ಇಟ್ಟ ಕುರ್ಚಿಯಲ್ಲಿ ಕೂರಲಿಲ್ಲ. ಒಂಬತ್ತು ಮುಖಗಳನ್ನು ಒಂದೊಂದಾಗಿ ನೋಡಿದರು. ಯಾರೂ ಹೇಳಿಕೊಡಲಿಲ್ಲ, ನಾವು ಹಾಗೆ ಯೋಜನೆಯನ್ನೂ ಮಾಡಿರಲಿಲ್ಲ. ಅವರು ಕೈ ಹಿಂದೆ ಕಟ್ಟಿಕೊಂಡು ಹಾಜರಿ ಕರೆಯತೊಡಗಿದರು.

“ಅಮಗೊಂಡ ಸಿದ್ದಪ್ಪ.”

ಒಬ್ಬ ಮುದುಕ ಎದ್ದು ನಿಂತ. “ಹಾಜರ, ಬಾಯಿ.”

“ಕಲ್ಲವ್ವ ಮಾಯಪ್ಪ.”

“ಹಾಜರ.”

“ಯಲ್ಲಪ್ಪ ಮಾಯಪ್ಪ.”

ಯಾರೂ ಏಳಲಿಲ್ಲ. “ತೀರಕೊಂಡಾನ್ರಿ, ಬಾಯಿ,” ಎಂದಳು ಕಲ್ಲವ್ವ. “ನಾಕ ವರ್ಷಾತು.”

ಸುಶೀಲಾಬಾಯಿ ತಲೆ ಬಗ್ಗಿಸಿ ಒಂದು ಕ್ಷಣ ನಿಂತು ಮುಂದಿನ ಹೆಸರಿಗೆ ಹೋದರು. ಹೀಗೆ ಇಪ್ಪತ್ತೊಂದು ಹೆಸರು. ಒಂಬತ್ತು ಹಾಜರ್. ಉಳಿದ ಹನ್ನೆರಡಕ್ಕೂ ಯಾರಾದರೊಬ್ಬರು ಉತ್ತರ ಕೊಟ್ಟರು: ಕಾಗವಾಡಕ್ಕೆ ಕೊಟ್ಟದ, ಕಣ್ಣ ಕಾಣಸೂದಿಲ್ಲ, ತೀರಕೊಂಡ್ಲು, ಇಚಲಕರಂಜಿಯಾಗ ಮಗನ ಹತ್ರ ಇರತಾಳ. ಯಾವ ಹೆಸರೂ ಉತ್ತರವಿಲ್ಲದೆ ಉಳಿಯಲಿಲ್ಲ.

ಅಧ್ಯಕ್ಷರಿಗೆ ಕನ್ನಡ ಬರುತ್ತಿರಲಿಲ್ಲ, ಆದರೆ ಹಾಜರಿ ಅರ್ಥವಾಗದ ಮೇಷ್ಟ್ರು ಯಾರು? ಅವರು ಪೆನ್ನು ಕೆಳಗಿಟ್ಟು ಕೇಳುತ್ತಿದ್ದರು. ಮುಗಿದ ಮೇಲೆ, “ಇವರೆಲ್ಲರ ಹೇಳಿಕೆ ಬರೆದುಕೊಳ್ಳಿ,” ಎಂದರು. ಸಾಳ್ವೆ ಸರ್ ಮುಂಜಾಗ್ರತೆಯಾಗಿ ಹೆಬ್ಬೆಟ್ಟಿಗೆಂದು ಮಸಿಯ ಪ್ಯಾಡು ತಂದಿಟ್ಟಿದ್ದರು. ಕಲ್ಲವ್ವ ಅದನ್ನು ಪಕ್ಕಕ್ಕೆ ಸರಿಸಿ ಪೆನ್ನು ಕೇಳಿದಳು. ನಾಲಗೆ ಹೊರಗೆ ಚಾಚಿ, ದುಂಡಗೆ, ಕನ್ನಡದಲ್ಲಿ ತನ್ನ ಹೆಸರು ಬರೆದಳು. ಅವಳ ಹಿಂದೆ ಎಂಟು ಜನ. ಆ ಕಾಲಕ್ಕೆ ಬೇರೆ ಶಾಲೆಯೇ ಇರದಿದ್ದ ಊರಿನ ಒಂಬತ್ತು ಜನರ ಒಂಬತ್ತು ಸಹಿ. ಹೆಬ್ಬೆಟ್ಟು ಒಂದೂ ಬೀಳಲಿಲ್ಲ. ಅಧ್ಯಕ್ಷರು ಆ ಹಾಳೆಯನ್ನು ಬಹಳ ಹೊತ್ತು ನೋಡಿ, ಎದ್ದು, ಸುಶೀಲಾಬಾಯಿಗೆ ಕೈ ಮುಗಿದು, ಮುಂದಿನ ಕೋಣೆಗೆ ಹೋದರು.

ಕಾಯಂ ಮಾನ್ಯತೆಯ ಪತ್ರ ಬಂದದ್ದು ಫೆಬ್ರವರಿಯಲ್ಲಿ. ನನ್ನ ಹನ್ನೊಂದು ತಿಂಗಳು ಮೇಯಲ್ಲಿ ಮುಗಿಯಿತು, ಅಷ್ಟರಲ್ಲಿ ಧಾರವಾಡದ ಕೆಲಸ ಸಿಕ್ಕಿತ್ತು. ಆದರೆ ಆ ವರ್ಷ ನನ್ನ ಲೆಕ್ಕದಲ್ಲಿ ಮುಗಿದದ್ದು ಸಮಿತಿ ಬಂದ ದಿನವೇ, ಮಧ್ಯಾಹ್ನ, ಕ್ಯಾಂಟೀನಿನಲ್ಲಿ.

ಲಿಂಗನೂರಿನವರಿಗೆಲ್ಲ ಅಲ್ಲಿ ಊಟ. ರೊಟ್ಟಿ, ಝುಣಕ, ಶೇಂಗಾ ಚಟ್ನಿ, ಶೀರಾ. ಸುಶೀಲಾಬಾಯಿಯ ಪಕ್ಕದಲ್ಲಿ ಕಲ್ಲವ್ವ. ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಾ ಕಲ್ಲವ್ವ ಹೇಳಿದಳು:

“ಬಾಯಿ, ಒಂದ ತಕರಾರು ಅದ. ನೀವು ಕೂಡಿಸೂದು ಕಲಿಸಿದ್ರಿ, ಕಳಿಯೂದು ಕಲಿಸಿದ್ರಿ, ಗುಣಿಸೂದೂ ಆತು. ಭಾಗಾಕಾರ ಸೋಮವಾರ ಹೇಳತೇನಿ ಅಂದ್ರಿ. ಆ ಸೋಮವಾರ ಬಂದು ನೋಡಿದ್ರ ಕೋಠಿ ಖಾಲಿ. ಸಾಂಗಲಿಗೆ ಹೋಗಿಬಿಟ್ಟಿದ್ರಿ.”

ಸುಶೀಲಾಬಾಯಿ ಎದ್ದು, ಆ ದಿನದ ತಿಂಡಿಗಳನ್ನು ಬರೆದಿದ್ದ ಕರಿಹಲಗೆಯ ಹತ್ತಿರ ಹೋಗಿ, ಅದನ್ನು ಸೆರಗಿನ ಅಂಚಿನಿಂದ ಒರೆಸಿದರು. ಕ್ಯಾಂಟೀನಿನವನು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡು ಸೀಮೆಸುಣ್ಣದ ಖಡು ಕೊಟ್ಟ.

“ತೊಂಬತ್ತೊಂದು ರೊಟ್ಟಿ ಅದಾವ. ಏಳು ಮಂದಿ ಅದಾರ. ಬಾ ಇಲ್ಲಿ.”

ಕಲ್ಲವ್ವ ಎದ್ದು ಹೋಗಿ ಹಲಗೆಯ ಮುಂದೆ ನಿಂತಳು. ಉಳಿದ ಎಂಟು ಜನ ತಮ್ಮ ಕುರ್ಚಿಗಳನ್ನು ಆ ಕಡೆ ತಿರುಗಿಸಿಕೊಂಡರು. ಚಹಾಕ್ಕೆ ಬಂದಿದ್ದ ವಿದ್ಯಾರ್ಥಿಗಳು ಬಾಗಿಲಲ್ಲೇ ನಿಂತರು. ಅವರಲ್ಲಿ ಬಿ.ಎಡ್. ಓದುವ ಹುಡುಗಿಯರೂ ಇದ್ದರು.

“ಒಂಬತ್ತರಾಗ ಏಳ ಎಷ್ಟ ಸಲ ಹೋಗತದ?”

“ಒಂದ ಸಲ.”

“ಉಳದದ್ದು?”

“ಎರಡ.”

“ಈಗ ಪಕ್ಕದ ಒಂದನ್ನ ಕೆಳಗ ಇಳಸು.”

ಕಲ್ಲವ್ವ ಇಳಿಸಿದಳು. ಇಪ್ಪತ್ತೊಂದಾಯಿತು. ಬೆರಳು ಎಣಿಸದೆ, ಏಳಮೂರ್ಲೆ ಎಂದು ಗೊಣಗಿ ಮೂರು ಬರೆದಳು. ಒಬ್ಬೊಬ್ಬರಿಗೆ ಹದಿಮೂರು ರೊಟ್ಟಿ.

“ಇದು ಬಾಯಾಗ ನನಗ ಬರತಿತ್ರಿ,” ಎಂದಳು ತಿರುಗಿ. “ಹಂಚೂದು ಯಾರಿಗೆ ಬರೂದಿಲ್ಲ? ಬರದು ತೋರಸೂದು ಒಂದ ಬಾಕಿ ಇತ್ತು.”

“ಕೆಳಗ ಏನ ಉಳೀತು, ಅದನ್ನೂ ಬರಿ.”

ಕಲ್ಲವ್ವ ಅಡ್ಡಗೆರೆ ಎಳೆದು, ಅದರ ಕೆಳಗೆ ದೊಡ್ಡದೊಂದು ಸೊನ್ನೆ ಬರೆದಳು. ಸುಶೀಲಾಬಾಯಿ ಆ ಲೆಕ್ಕದ ಪಕ್ಕದಲ್ಲಿ ಒಂದು ಸರಿ ಗುರುತು ಹಾಕಿ, ಖಡುವಿನ ಪುಡಿ ಕೈಯಿಂದ ಝಾಡಿಸಿಕೊಂಡು, ನಮ್ಮೆಲ್ಲರ ಕಡೆ ತಿರುಗಿದರು.

“ಸಾಲಿ ಬಿಟ್ಟದ. ಎಲ್ಲಾರೂ ಮನಿಗೆ ಹೋಗ್ರಿ,” ಎಂದರು.

ಬಾಗಿಲಲ್ಲಿದ್ದ ವಿದ್ಯಾರ್ಥಿಗಳು ದಾರಿ ಬಿಟ್ಟು ಎರಡು ಸಾಲಾಗಿ ನಿಂತರು. ಒಂಬತ್ತು ಮಕ್ಕಳು ಅವರ ನಡುವೆ ಹಾಯ್ದು ಟೆಂಪೋದ ಕಡೆ ನಡೆದರು.